ದೀಪಾಳ ಪಾಲು

ಮಸ್ಕಿಯ ಹೈಸ್ಕೂಲಿನ ಸಂಗೀತ ಮೇಷ್ಟ್ರು ದುರುಗೇಶ ಮೂರು ವರ್ಷ ಕೂತು ನಾಲ್ಕು ವಾದ್ಯಗಳಿಗೆಂದು ಒಂದು ಕೃತಿ ಬರೆದ. ತಬಲಾ ಇಲ್ಲ, ಹಾಡಿಲ್ಲ. ನಾಲ್ವರು ಎದುರುಬದುರು ಕೂತು, ಮಾತಾಡಿಕೊಂಡಂತೆ ತಮ್ಮ ತಮ್ಮ ಪಾಲು ನುಡಿಸಬೇಕು. ಪಿಟೀಲು ಅವನದು, ಸಿತಾರ್ ಹೆಂಡತಿ ದೀಪಾಳದು. ಬರೆಯುವುದು ಅರ್ಧವಾಗಿದ್ದಾಗ ದೀಪಾ ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟಳು.

ಬೇರೆಯವರಾಗಿದ್ದರೆ ಇನ್ನೊಬ್ಬ ಸಿತಾರದವನನ್ನು ಹುಡುಕುತ್ತಿದ್ದರು. ಈ ಮಹಾರಾಯ ಹುಡುಕಲಿಲ್ಲ. ಸಿತಾರದ ಉಳಿದ ಪಾಲನ್ನು ಬೇರೆ ಮೂರು ವಾದ್ಯಗಳಿಗೆ ಹಂಚಿ, ಕೊನೆಗೆ ತುಸು ಮುಂಚೆ ಸಿತಾರ್ ಒಂದೇ ನುಡಿಯಬೇಕಿದ್ದ ಒಂದೂವರೆ ನಿಮಿಷವನ್ನು ಹಾಗೇ ಖಾಲಿ ಬಿಟ್ಟ. ಉಳಿದ ಮೂವರೂ ಅಲ್ಲಿ ಸುಮ್ಮನಿರಬೇಕು. ಲಿಂಗಸುಗೂರಿನ ನೆಂಟರೆಲ್ಲ "ಇನ್ನೊಂದು ಮದಿವಿ ಮಾಡ್ಕೋಪಾ" ಎಂದು ಜೀವ ತಿನ್ನುತ್ತಿದ್ದಾಗ, ಅಷ್ಟು ಜಾಗವನ್ನಾದರೂ ಯಾರೂ ತುಂಬದಂತೆ ಅವಳಿಗೆಂದು ಇಡಬೇಕು ಎಂಬುದು ಅವನ ಹಠ.

ಸಿಂಧನೂರಿನ ಮದುವೆ ಬ್ಯಾಂಡಿನ ಕ್ಲಾರಿಯೋನೆಟ್ ದಾವಲ್‌ಸಾಬ್, ಭಜನೆಯ ಹಾರ್ಮೋನಿಯಂ ಬಸ್ಸಪ್ಪ ಜೊತೆಗೂಡಿದರು. ಇಬ್ಬರಿಗೂ ಬರೆದ ಸ್ವರ ಓದಲು ಬಾರದು; ದುರುಗೇಶ ನುಡಿಸಿದ್ದನ್ನು ಕಿವಿಯಲ್ಲೇ ಹಿಡಿದರು. ಆರು ತಿಂಗಳು ಪ್ರತಿ ಭಾನುವಾರ ತಾಲೀಮು. ಆ ಖಾಲಿ ಜಾಗ ಬಂದಾಗಲೆಲ್ಲ ದುರುಗೇಶ "ಇಲ್ಲಿ ತೊಂಬತ್ತು ಎಣಿಸಿ" ಎನ್ನುತ್ತಿದ್ದ, ಯಾಕೆಂದು ಹೇಳುತ್ತಿರಲಿಲ್ಲ.

"ಇದ್ರಾಗ ಬಾರಸೋದೇನೈತ್ರೀ ಮಾಸ್ತರ? ಮುಂದಿಂದು ಹಿಡೀರಿ," ಎನ್ನುತ್ತಿದ್ದ ದಾವಲ್‌ಸಾಬ್.

ದುರುಗೇಶನೂ ಹೂಂಗುಟ್ಟಿ ಮುಂದಕ್ಕೆ ಹೋಗುತ್ತಿದ್ದ. ಆ ಮೌನದಲ್ಲಿ ಕೂರುವ ಧೈರ್ಯ ಅವನಿಗೂ ಇರಲಿಲ್ಲ, ಸುಳ್ಳೇಕೆ ಹೇಳಬೇಕು.

ಸಿಂಧನೂರಿನ ಸಣ್ಣ ಸಭಾಂಗಣದಲ್ಲಿ ಅರವತ್ತು ಜನ ಸೇರಿದ್ದರು. ಎಲ್ಲ ಸುಸೂತ್ರವಾಗಿ ನಡೆದು ಆ ಜಾಗ ಬಂತು. ಮೂವರೂ ನಿಲ್ಲಿಸಿದರು. ದುರುಗೇಶ ಕಣ್ಣು ಮುಚ್ಚಿದ. ಪಕ್ಕದಲ್ಲೇ ದೀಪಾ ತಂತಿ ಬಿಗಿಸುತ್ತಿದ್ದಾಳೆ ಅನ್ನಿಸಿ ಕಣ್ಣೀರು ದಳದಳ ಇಳಿಯಿತು.

ದಾವಲ್‌ಸಾಬ್ ಅದನ್ನು ನೋಡಿದ. ಮೆರವಣಿಗೆಯಲ್ಲಿ ಒಬ್ಬ ಎಡವಿದರೆ ಪಕ್ಕದವನು ಕೂಡಲೇ ಧಾಟಿ ಎತ್ತಿಕೊಂಡು ಅವನ ಮಾನ ಕಾಯಬೇಕು. ಬ್ಯಾಂಡಿನವರ ಬದುಕೇ ಹಾಗೆ. ತಾಲೀಮಿನಲ್ಲಿ ಒಮ್ಮೆಯೂ ಇಲ್ಲಿ ನಿಂತದ್ದಿಲ್ಲ, ಮಾಸ್ತರ್ ಮುಂದಿನದು ಮರೆತು ಅಳುತ್ತಿದ್ದಾನೆ, ಪಾಪ, ಅಂದುಕೊಂಡು ಕ್ಲಾರಿಯೋನೆಟ್ ಬಾಯಿಗಿಟ್ಟ. ಬಸ್ಸಪ್ಪನೂ ಕೂಡಿಕೊಂಡ. ಎಂಥ ಚೆಂದ ನುಡಿಸಿದರೆಂದರೆ ಜನ ಸಿಳ್ಳೆ ಹೊಡೆದರು. ದುರುಗೇಶ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.

"ನೀವು ಮರ್ತದ್ದು ಒಬ್ರಿಗೂ ಗೊತ್ತಾಗ್ಲಿಲ್ರೀ," ಆಮೇಲೆ ದಾವಲ್‌ಸಾಬ್ ಅವನ ಬೆನ್ನು ಸವರಿದ. "ಪೂರಾ ತುಂಬಿಬಿಟ್ವಿ."

ಅವನನ್ನು ಬೈಯುವುದು ಹೇಗೆ? ಇಷ್ಟು ಒಳ್ಳೆಯ ಮನುಷ್ಯನನ್ನು? "ನಾ ಮರ್ತಿರಲಿಲ್ಲ ಚಾಚಾ" ಎನ್ನಲು ಹೊರಟವನು ಅವನ ನಗುಮುಖ ನೋಡಿ, "ಭಾಳ ಉಪಕಾರ ಆತ್ರೀ," ಎಂದ.

ಮರುದಿನ ಮಸ್ಕಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಒಬ್ಬನೇ ಆ ಜಾಗದವರೆಗೆ ನುಡಿಸಿ ನಿಲ್ಲಿಸಿದ. ಒಂದು, ಎರಡು ಎಂದು ಎಣಿಸತೊಡಗಿದ. ಹತ್ತು ದಾಟುವಷ್ಟರಲ್ಲಿ ತಲೆಯೊಳಗೆ ಕ್ಲಾರಿಯೋನೆಟ್ ಎದ್ದಿತು. ಮತ್ತೆ ನುಡಿಸಿದ, ಮತ್ತೆ ಎಣಿಸಿದ. ಮತ್ತೆ ಅದೇ. ಸಂಜೆಯವರೆಗೂ ಎಣಿಸಿದ, ದೀಪಾ ಬರಲಿಲ್ಲ.