ಒಲೆ ಬೇರೆ

ಭತ್ಯೆ ಕಚೇರಿಯ ಸಾಹೇಬರು ನಡುಮನೆಯಲ್ಲಿ ಮಲಗಿಸಿದ್ದ ಹೆಣದ ಪಕ್ಕದಿಂದ ಹಾದು ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿದರು.

"ಇದು ಯಾರ ಒಲೆ?"

"ನಮ್ದು ಸಾರ್," ಎಂದ ಸತ್ತವಳ ತಮ್ಮ. "ಅಕ್ಕಂದು ಪರದೆ ಆಚೆ."

ಸಾಹೇಬರು ಪರದೆ ಸರಿಸಿ ಅಲ್ಲಿದ್ದ ಸೀಮೆಎಣ್ಣೆ ಸ್ಟೌ ಮುಟ್ಟಿ ನೋಡಿದರು. "ತಣ್ಣಗಿದೆ."

"ಸತ್ತೋರು ಬಿಸಿಬಿಸಿ ಅಡುಗೆ ಮಾಡ್ತಾರಾ?" ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ದರ್ಜಿ ಗೊಣಗಿದ.

* * *

ಹನ್ನೊಂದು ವರ್ಷದ ಹಿಂದೆ ಶರ್ಟಿನ ಕಾರ್ಖಾನೆಯ ಯಂತ್ರ ಅಕ್ಕನ ಬಲಗೈ ನುಂಗಿತ್ತು. ಸರ್ಕಾರ ಭತ್ಯೆ ಕೊಟ್ಟಿತು, ಜೊತೆಗೊಂದು ನಿಯಮವನ್ನೂ ಕೊಟ್ಟಿತು: ದುಡಿಯುವವರ ಒಲೆಯಲ್ಲಿ ಉಣ್ಣುವವರಿಗೆ ಭತ್ಯೆಯಿಲ್ಲ. ತಮ್ಮನೋ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಮನೆಯ ನಡುವೆ ಹಳೆಯ ಬೆಡ್‌ಶೀಟು ಇಳಿಯಿತು. ಅದರಾಚೆ ಅಕ್ಕ ಮೊಣಕಾಲುಗಳ ನಡುವೆ ಬದನೆಕಾಯಿ ಒತ್ತಿ ಹಿಡಿದು ಒಂದೇ ಕೈಯಲ್ಲಿ ಹೆಚ್ಚುವಳು.

ಒಮ್ಮೆ ಅಕ್ಕ ಜ್ವರ ಬಂದು ಮಲಗಿದಾಗ ತಮ್ಮನ ಹೆಂಡತಿ ಗಂಜಿ ಒಯ್ದಳು.

"ತಗೊಂಡ್ಹೋಗೇ. ಯಾರಾದ್ರೂ ನೋಡಿದ್ರೆ ಅನ್ನಕ್ಕೇ ಕಲ್ಲು."

"ಒಂದ್ ಲೋಟ ಅಷ್ಟೇ, ಅಕ್ಕಾ."

"ಲೋಟಾನೂ ನಿಮ್ದೇ ಅಲ್ವಾ? ಹೋಗು ಅಂದ್ನಲ್ಲ."

* * *

"ಮನೆಯವರೇ ಹೆಣ ಎತ್ತಿದ್ರೆ ಒಂದೇ ಒಲೆ ಅಂತ ಬರೀಬೇಕಾಗತ್ತೆ," ಸಾಹೇಬರು ಪೆನ್ನು ತೆಗೆದರು. "ಹನ್ನೊಂದು ವರ್ಷದ ಭತ್ಯೆ ನೀವು ವಾಪಸ್ ಕಟ್ಬೇಕು."

"ಇಲ್ಲಾಂದ್ರೆ?"

"ವಾರಸುದಾರರಿಲ್ಲದ ಶವ."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಅಕ್ಕನ ಮುಖ ನೋಡಲಿಲ್ಲ.

"ಹಾಗೇ ಬರ್ಕೊಳ್ಳಿ," ಎಂದ.

ಅಷ್ಟರಲ್ಲಿ ಕಾರ್ಖಾನೆಯ ಮಾಲೀಕ ಹೂಮಾಲೆ ಹಿಡಿದು ಬಂದ. ಹೆಣ ಸಾಗಿಸುವ ವ್ಯಾನು ಅವನ ಕೊಡುಗೆ. ಸಾಹೇಬರು ಕುರ್ಚಿ ಎಳೆದು ಕೊಟ್ಟರು.

"ವಾರಸುದಾರರಿಲ್ವಂತೆ ಸಾರ್," ಮಾಲೀಕನ ಜೊತೆ ಬಂದಿದ್ದ ಗುಮಾಸ್ತ ಅವನ ಕಿವಿಯಲ್ಲಿ ಊದಿದ. "ಅಂಥಾ ಹೆಣಕ್ಕೆ ಖರ್ಚು ಮಾಡಿದ್ರೆ ತೆರಿಗೇಲಿ ಎರಡರಷ್ಟು ಬಿಡ್ತಾರೆ. ಒಂದು ಫೋಟೋ ಸಾಕು."

"ಸಾಹುಕಾರ್ರ ಮನೇಲಿ ಎಷ್ಟು ಒಲೆ?" ದರ್ಜಿ ಕೇಳಿದ.

"ಮನೇನೇ ಮೂರಿದೆಯಪ್ಪ," ಮಾಲೀಕ ನಕ್ಕ. "ಎಲ್ಲಾ ಟ್ರಸ್ಟಿನ ಹೆಸರಲ್ಲಿ. ನಂದು ಅಂತ ಏನೂ ಇಲ್ಲ."

"ಅಯ್ಯೋ ಪಾಪ! ಸಾಹೇಬ್ರೇ, ಇವರಿಗೂ ಒಂದು ಭತ್ಯೆ ಬರ್ಕೊಳ್ಳಿ."

ಸಾಹೇಬರಿಗೆ ಕೇಳಿಸಲಿಲ್ಲ.

ಚಟ್ಟ ಎತ್ತುವಾಗ ಮಾಲೀಕ ಕೋಟಿನ ಮೇಲೆ ಕರವಸ್ತ್ರ ಹಾಸಿಕೊಂಡು ಮುಂದಿನ ತುದಿಗೆ ಹೆಗಲು ಕೊಟ್ಟ. ತಮ್ಮ ತನಗರಿವಿಲ್ಲದೆ ಇನ್ನೊಂದು ತುದಿಗೆ ಕೈ ಹಾಕಿದ್ದ.

"ಸ್ವಲ್ಪ ಆಚೆ ಹೋಗಿ ಸ್ವಾಮಿ," ಗುಮಾಸ್ತ ಮೊಬೈಲು ಎತ್ತಿ ಹಿಡಿದ. "ಫೋಟೋದಲ್ಲಿ ಮನೆಯವರು ಬರಬಾರದು."

ತಮ್ಮ ಕೈಬಿಟ್ಟು ಗೋಡೆಗೆ ಅಂಟಿಕೊಂಡ. ಅವನು ಬಿಟ್ಟ ಮೂಲೆ ವಾಲಿತು. ಮಾಲೀಕನ ಡ್ರೈವರು ಓಡಿಬಂದು ಅಲ್ಲಿ ಹೆಗಲು ಕೊಟ್ಟ. ಮಾಲೀಕ ಮೊಬೈಲಿನತ್ತ ತಿರುಗಿ ಮುಖ ಬಾಡಿಸಿಕೊಂಡ.