ಸಾಹೇಬರ ಕುರ್ಚಿ

ನಾನು ಒಂದು ಹೊನ್ನೆ ಮರದ ಕುರ್ಚಿ. ಹುಟ್ಟಿದ್ದು ಹುಣಸೂರಿನ ಬಡಗಿಯೊಬ್ಬನ ಕೈಯಲ್ಲಿ, ಸವೆದದ್ದು ಒಂದು ಶಾಲೆಯಲ್ಲಿ. ಮೇಷ್ಟ್ರುಗಳ ಭಾರ ಹೊತ್ತು ಹೊತ್ತು ಕೂರುವ ಜಾಗವೇ ಕಿತ್ತುಹೋದಾಗ ನನ್ನನ್ನು ಹೊರಗೆಸೆದರು. ಎಸೆದದ್ದನ್ನು ತಲೆಯ ಮೇಲೆ ಹೊತ್ತು ಕಾಡಂಚಿನ ಹಾಡಿಗೆ ತಂದವನು ಅಲ್ಲಿಯ ಯಜಮಾನ ಜಡಿಯಪ್ಪ. ಬುಟ್ಟಿ ಹೆಣೆಯುವ ಕೈ ಅವನದು. ಬಿದಿರಿನ ಸೀಳಿನಿಂದ ನನ್ನನ್ನು ಮತ್ತೆ ಹೆಣೆದು ನಿಲ್ಲಿಸಿದ.

ಇಷ್ಟೆಲ್ಲ ಉಪಚಾರ ಯಾಕೆಂದರೆ, ಹಾಡಿಯವರು ಬುಡಕಟ್ಟಿನವರೋ ಅಲ್ಲವೋ ಎಂದು ನೋಡಲು ಸರ್ಕಾರದವರು ಬರುವವರಿದ್ದರು. ಗುಡ್ಡದಾಚೆಯ ನೆಂಟರು ಸರ್ಕಾರದ ಪ್ರಕಾರ ಬುಡಕಟ್ಟಿನವರು, ಈಚೆಯವರು ಅಲ್ಲ. ಹೆಣ್ಣು ಕೊಟ್ಟು ತರುವವರ ನಡುವೆ ಇದೆಂಥ ಗೆರೆಯೋ, ನನಗಂತೂ ತಲೆಬುಡ ತಿಳಿಯಲಿಲ್ಲ. ಜಡಿಯಪ್ಪನ ಮೊಮ್ಮಗಳು ಮಾದೇವಿ ಪಿಯುಸಿ ಪಾಸಾಗಿದ್ದಳು. ಬುಡಕಟ್ಟಿನ ಸರ್ಟಿಫಿಕೇಟ್ ಸಿಕ್ಕರೆ ನರ್ಸಿಂಗ್ ಸೀಟು, ಇಲ್ಲದಿದ್ದರೆ ಕಾಫಿ ತೋಟದ ಕೂಲಿ.

ಸಾಹೇಬರು ಬಂದರು, ನನ್ನ ಮೇಲೆ ಕೂತರು, ಜೇನು ಹಾಕಿದ ಟೀ ಕುಡಿದರು. ಹಾಡಿಯವರು ಕೇಳಿದ್ದಕ್ಕೆಲ್ಲ ನಗುನಗುತ್ತಾ ಉತ್ತರ ಕೊಟ್ಟರು. ವರ್ಷ ಕಳೆದು ಬಂದ ಸರ್ಕಾರದ ತೀರ್ಮಾನವನ್ನು ಮಾದೇವಿಯೇ ಓದಿ ಹೇಳಿದಳು. ಇವರು ಹೊರಗಿನವರನ್ನು ಕಂಡು ಹಿಂಜರಿಯುವುದಿಲ್ಲ, ಮನೆಯಲ್ಲಿ ಕುರ್ಚಿಯಿದೆ, ಆದ್ದರಿಂದ ಬುಡಕಟ್ಟಿನವರಲ್ಲ. ಮರ್ಯಾದೆ ಮಾಡಿದ್ದೇ ತಪ್ಪಾಗಿ ಹೋಯಿತು.

ಮನವಿ ಕೊಟ್ಟು ಕೊಟ್ಟು ಸಾಕಾದ ಮೇಲೆ ಇನ್ನೊಂದು ತಂಡ ಬಂತು. ಈ ಸಲ ನನ್ನನ್ನು ಮೇಕೆ ದೊಡ್ಡಿಯ ಹಿಂದೆ ಬಚ್ಚಿಟ್ಟರು. ಯಾರೂ ಬಾಯಿ ಬಿಡಕೂಡದೆಂದು ಜಡಿಯಪ್ಪನೇ ಅಪ್ಪಣೆ ಮಾಡಿದ್ದ. ಬಂದ ಅಧಿಕಾರಿಗೆ ಮಂಡಿನೋವು. ಚಾಪೆಯ ಮೇಲೆ ಕೂರಲಾರದೆ ಕಂಬ ಹಿಡಿದು ನಿಂತೇ ಬರೆಯುತ್ತಿದ್ದರು. ಜಡಿಯಪ್ಪ ಅವರ ಕಾಲು ನೋಡಿದ, ದೊಡ್ಡಿಯ ಕಡೆ ನೋಡಿದ. ಕೊನೆಗೆ ತಡೆಯಲಾರದೆ ಬಂದು ನನ್ನನ್ನು ಹೊತ್ತುಕೊಂಡು ಹೋದ.

“ಕುಂತ್ಕಳಿ ಬುದ್ದಿ,” ಅಂದ.

ಅಧಿಕಾರಿ ಉಸ್ಸೆಂದು ಕೂತರು. ಆಮೇಲೆ ನನ್ನ ಕೈ ಸವರಿ ನೋಡಿ ಏನೋ ಬರೆದುಕೊಂಡರು.

ಅವರು ಹೋದ ಮೇಲೆ ಮಾದೇವಿ, “ಕುರ್ಚಿ ಯಾಕ್ ತಂದೆ ತಾತ?” ಎಂದು ಕೇಳಿದಳು.

“ಮನೆಗ್ ಬಂದೋರು ನಿಂತಿದ್ರಲ್ಲವ್ವ, ಹೆಂಗ್ ನೋಡ್ಕಂಡಿರ್ಲಿ?” ಅಂದ ಜಡಿಯಪ್ಪ.

ಈ ಸಲವೂ ಸರ್ಕಾರ ಇಲ್ಲವೆಂದಿತು, ಮಾದೇವಿ ತೋಟದ ಕೂಲಿಗೆ ಹೋದಳು. ಕೆಲವು ವರ್ಷಕ್ಕೆ ಜಡಿಯಪ್ಪ ಮಣ್ಣಿಗೆ ಹೋದ. ಈಗ ನನ್ನ ಒಂದು ಕಾಲು ಕುಂಟು, ಮೈಮೇಲೆ ಕೋಳಿಗಳ ಸಂಸಾರ. ನಿಜ ಹೇಳುತ್ತೇನೆ, ನನಗೆ ಸಾಕಾಗಿದೆ. ಮನುಷ್ಯ ಯಾರೆಂದು ಅವನ ಮನೆಯ ಕುರ್ಚಿಯನ್ನು ಕೇಳುವವರಿಗೆ ನಾನು ಇನ್ನೇನು ಸಾಕ್ಷಿ ಹೇಳಲಿ?

ನಿನ್ನೆ ಸುದ್ದಿ ಬಂತು, ಮತ್ತೊಂದು ತಂಡ ಬರುತ್ತದಂತೆ. ಮಾದೇವಿಯ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಕುರ್ಚಿಯನ್ನು ಬಚ್ಚಿಡುವುದೋ ಹಾಕುವುದೋ ಎಂದು ಹಾಡಿಯವರು ಬಂದು ಕೇಳಿದರು. ಮಾದೇವಿ ಕೋಳಿಗಳನ್ನು ಓಡಿಸಿ, ನನ್ನನ್ನು ಅಂಗಳದ ನಡುವೆ ತಂದಿಟ್ಟು, ತಾನೇ ಕೂತಳು.

“ಬರ್ಲಿ,” ಅಂದಳು. “ಈ ಸಲ ನಿಂತ್ಕಂಡೇ ಬರ್ಕಳ್ಲಿ.”