ನಾನು ಬೆಳೆಸಿದ ತುಕ್ಕು

ನಮ್ಮ ಮನೆಯಲ್ಲಿ ತುಕ್ಕಿಗೆ ಜಾಗವಿಲ್ಲ. ಮಗ್ಗದ ಯಾವುದೋ ಮೂಲೆಯ ಬೋಲ್ಟಿಗೆ ತುಕ್ಕು ಹಿಡಿದರೂ ಸಾಕು, ಅದು ಎಣ್ಣೆಯ ಜೊತೆ ಇಳಿದು ಸೀರೆಯ ಮೇಲೆ ಕಂದು ಚುಕ್ಕೆಯಾಗುತ್ತದೆ. ಡಾಗು ಬಿದ್ದ ಸೀರೆಯನ್ನು ಸಾವಕಾರ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಡುತ್ತಾನೆ. ಮಾತೂ ಆಡುವುದಿಲ್ಲ. ನನ್ನ ಅಪ್ಪ ಪ್ರಭುಲಿಂಗ ಆ ಎರಡು ಬೆರಳಿಗೆ ಹೆದರಿಕೊಂಡೇ ಬನಹಟ್ಟಿಯಲ್ಲಿ ಇಷ್ಟು ವರ್ಷ ಪಾವರ್‌ಲೂಮ್ ನಡೆಸಿದ್ದಾನೆ.

ಅಂಥ ಮನೆಯ ಬಚ್ಚಲ ಹಿಂದೆ, ಒಡೆದ ಬಕೆಟ್ಟಿನಲ್ಲಿ, ನಾನು ತುಕ್ಕು ಬೆಳೆಸುತ್ತಿದ್ದೆ. ಹಳೆಯ ಮಗ್ಗದ ಮೊಳೆ, ನಟ್ಟುಗಳಿಗೆ ಉಪ್ಪುನೀರು ಚಿಮುಕಿಸಿ ಬಿಸಿಲಿಗಿಟ್ಟರೆ ಕೆಂಪು ಪುಡಿ ಏಳುತ್ತದೆ. ಅದನ್ನು ಕೆರೆದು, ಕುಟ್ಟಿ, ಅವ್ವನ ಹಳೆ ಸೀರೆಯ ತುಂಡಿನಲ್ಲಿ ಸೋಸಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಆ ಸೀರೆಯ ತುಂಡನ್ನು ಹರಿದು ಕೊಟ್ಟವಳು ಅವ್ವನೇ.

ಪುಡಿ ನಾನು ಮಾಡುವ ಪುಟ್ಟ ರೈಲಿನ ಡಬ್ಬಿಗಳಿಗೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತ ಮೇಲೆ ಹತ್ತಿದ ಹುಚ್ಚು ಇದು. ಕುಡಚಿ ಸ್ಟೇಷನ್ನಿನಲ್ಲಿ ನಿಲ್ಲುವ ಮುಚ್ಚಿದ ಗೂಡ್ಸ್ ಡಬ್ಬಿಯನ್ನು ಎಂಬತ್ತೇಳು ಪಟ್ಟು ಚಿಕ್ಕದು ಮಾಡಿದರೆ ಒಂದು ಗೇಣಿಗಿಂತ ತುಸು ಕಡಿಮೆ. ಬಾಗಿಲ ಕೊಂಡಿ ಜೋಳದ ಕಾಳಿಗಿಂತ ಸಣ್ಣದು. ಮೈಗೆ ಪ್ಲಾಸ್ಟಿಕ್ ಹಾಳೆ; ಏಣಿಗೆ, ಹಿಡಿಕೆಗೆ ಸವೆದು ಬಿಸಾಕಿದ, ಬಾಚಣಿಗೆಯಂಥ ಮಗ್ಗದ ಫಣಿಯ ತಂತಿ. ಅಳತೆ ಸರಿ ಬಂದರೆ ಅರ್ಧ ಕೆಲಸವಾದಂತೆ. ಉಳಿದರ್ಧ ಕೊಳೆ. ಹೊಸ ಬಣ್ಣ ಮಿಂಚುವ ಡಬ್ಬಿ ಎಷ್ಟು ಅಚ್ಚುಕಟ್ಟಾಗಿದ್ದರೂ ಆಟಿಕೆಯೇ. ಕೊಂಡಿಯಿಂದ ಮಳೆನೀರು ಇಳಿದ ಗೆರೆ, ಬಾಗಿಲ ಅಂಚಿಗೆ ಕುಳಿತ ಸಿಮೆಂಟಿನ ಧೂಳು, ಗಾಲಿಯ ಹತ್ತಿರ ಬ್ರೇಕಿನ ಕಪ್ಪು: ಇವು ಬಂದಾಗ ಮಾತ್ರ ಕಣ್ಣು ಅದನ್ನು ರೈಲೆಂದು ನಂಬುತ್ತದೆ. ಮೂರು ಡಬ್ಬಿಗಳಿಗೆ ಆ ನಂಬಿಕೆ ಹಚ್ಚುವುದರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಹೋಗಿದ್ದವು.

ನಮ್ಮೂರಿಗೆ ರೈಲಿಲ್ಲ. ಕುಡಚಿಯಿಂದ ಲೈನು ಬರುತ್ತದೆ ಎನ್ನುವುದನ್ನು ಕೇಳಿಕೊಂಡೇ ಬೆಳೆದಿದ್ದೇವೆ. ಹಾಗಾಗಿ ನಮ್ಮ ಮಗ್ಗದ ಮೇಲೆ ನೇಯುವ ದಶರಥ ಕಾಕಾನಿಗೆ ನಾನೊಂದು ಹಬ್ಬ.

"ಕಾಂಚನವ್ವಾ, ಕುಡಚಿ ಲೈನ ನಿಮ್ಮ ಅಟ್ಟದ ಮ್ಯಾಲರೆ ಬಂತಲ್ಲ. ನನಗೊಂದ ಖಿಡಕಿ ಸೀಟ ಹಿಡೀರಿ!"

ಅದು ಗೂಡ್ಸ್ ಗಾಡಿ ಕಾಕಾ, ಕಿಟಕಿ ಇರುವುದಿಲ್ಲ ಎಂಬ ಉತ್ತರ ನನ್ನ ಬಾಯಿಗೆ ಬರಲಿಲ್ಲ, ಡೈರಿಗೆ ಬಂತು. ನನ್ನ ಉತ್ತರಗಳೆಲ್ಲ ಹಾಗೆಯೇ.

ಹುಬ್ಬಳ್ಳಿಯ ಅರುಣ ಎಂಬವರು ಫೋನು ಮಾಡಿದ್ದು ಗಣಪತಿ ಕಳಿಸಿದ ಮೇಲೆ. ಮ್ಯೂಸಿಯಮ್ಮುಗಳಿಗೆ, ಪ್ರದರ್ಶನಗಳಿಗೆ ಮಾದರಿ ಮಾಡಿಕೊಡುವ ವರ್ಕ್‌ಶಾಪು ಅವರದು. ಮಾದರಿ ರೈಲು ಮಾಡುವವರ ವಾಟ್ಸಾಪ್ ಗ್ರೂಪಿಗೆ ನಾನು ಹಾಕಿದ ಫೋಟೋ ನೋಡಿದ್ದರು.

"ಕತ್ತರಿಸಾಕ ನಮ್ಮಲ್ಲಿ ಮಷೀನ್ ಅದಾವ್ರಿ. ಹಳೇದ ಮಾಡೋ ಕೈ ಇಲ್ಲ. ಆದ್ರ ಫೋಟೋ ಎಲ್ಲಾರೂ ಚಂದ ತಗೀತಾರ್ರಿ, ನಾ ಕೈಯಾಗ ಹಿಡದ ನೋಡಬೇಕು. ದಸರಾಕ್ಕ ಜಮಖಂಡಿಗೆ ತಂಗಿ ಮನೀಗೆ ಬರಾಂವ ಅದೇನಿ, ಹಂಗ ನಿಮ್ಮಲ್ಲಿಗೂ ಬರತೇನಿ."

ಒಪ್ಪಿದರೆ ದೀಪಾವಳಿಯ ಮೇಲೆ ಹುಬ್ಬಳ್ಳಿಯಲ್ಲಿ ಕೆಲಸ, ಇರಲು ಲೇಡೀಸ್ ಹಾಸ್ಟೆಲ್ಲು.

ಊಟಕ್ಕೆ ಕುಳಿತಾಗ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಡಬ್ಬಿ ಮಾಡೂದಕ್ಕ ಕೆಲಸ ಅಂತಾರೇನು?"

"ನಿನಗ ಮಗ್ಗ ಹೆಂಗೋ ನನಗ ಇದು ಹಂಗ, ಅಪ್ಪಾ."

ಅಪ್ಪನ ಎದುರು ನಾನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅವನು ನನ್ನನ್ನೇ ನೋಡಿದ. "ಆತು. ಬಂದಾವ ಒಪ್ಪಿದ್ರ ಹೋಗು. ಇಲ್ಲಂದ್ರ ಬೀಳಗಿಯವ್ರಿಗೆ ಹೂಂ ಅಂತೇನಿ. ಅವ್ರೂ ಎಷ್ಟ ದಿನಾ ಕಾಯಬೇಕು?"

ನನ್ನನ್ನು ಕೇಳಿದ್ದ ಬೀಳಗಿಯ ಹುಡುಗನಿಗೆ ಸರಕಾರಿ ನೌಕರಿ. ಫೋಟೋದಲ್ಲಿ ಸಭ್ಯನಾಗಿಯೇ ಕಾಣುತ್ತಿದ್ದ. ಅವ್ವ ಹುಳಿ ಬಡಿಸುತ್ತ, ಯಾರಿಗೂ ಅಲ್ಲವೆಂಬಂತೆ ಅಂದಳು: "ಬೀಳಗಿ ಅಂದ್ರ ಬಸ್ ಹತ್ತಿದ್ರ ಬಂತು. ಹುಬ್ಬಳ್ಳಿಯಾಗ ಒಬ್ಬಾಕಿ ಹೆಂಗ ಇರತಾಳಿಕಿ? ಇಲ್ಲೆ ಬಾಜೂ ಮನೀಗೆ ಸಕ್ರಿ ಕೇಳಾಕ ಹೋಗಾಂಗಿಲ್ಲ."

ಖಂಡೆ ಪೂಜೆಯ ದಿನ, ದಸರೆಯ ಆಯುಧಪೂಜೆಗೆ, ಮಗ್ಗಗಳು ನಿಂತವು. ಆ ಸದ್ದು ನಿಂತ ದಿನ ನಮ್ಮ ಓಣಿಯವರಿಗೆ ಕಿವಿಯಲ್ಲಿ ಹತ್ತಿ ತುರುಕಿದಂತಾಗುತ್ತದೆ. ರೇಷನ್ನಿನಲ್ಲಿ ಈಗ ಚಿಮಣಿ ಎಣ್ಣೆ, ಅದೇ ಸೀಮೆಎಣ್ಣೆ, ಸಿಗುವುದಿಲ್ಲ. ಅಪ್ಪ ಎಲ್ಲಿಂದಲೋ ತಂದ ಒಂದು ಕ್ಯಾನನ್ನು ಈ ದಿನಕ್ಕೆಂದೇ ಕಾಯ್ದಿಟ್ಟಿರುತ್ತಾನೆ. ಮಗ್ಗದ ಒಂದೊಂದು ಭಾಗವನ್ನೂ ಅದರಲ್ಲಿ ತಿಕ್ಕಿ, ಒರೆಸಿ, ಮೇಲೆ ತೆಳ್ಳಗೆ ಮಷೀನಿನ ಎಣ್ಣೆ ಹಚ್ಚಿ, ಆಮೇಲೆ ವಿಭೂತಿ. ಈ ಕೆಲಸಕ್ಕೆ ಬೇರೆಯವರ ಕೈ ಹಚ್ಚಗೊಡುವುದಿಲ್ಲ.

ನಾನು ಹೂವು, ಕುಂಬಳಕಾಯಿ ತರಲು ರಬಕವಿ ಪೇಟೆಗೆ ಹೋಗಿದ್ದೆ. ವಾಪಸು ಬಂದಾಗ ಮಗ್ಗದ ಕೋಣೆಯಲ್ಲಿ ಹಲಗೆಯ ಮೇಲೆ ಲಾಳಿ, ಫಣಿ, ಕತ್ತರಿ, ಪಾನಾಗಳನ್ನು ಸಾಲಾಗಿ ಜೋಡಿಸಿತ್ತು. ಸಾಲಿನ ನಡುವೆ, ಎಲ್ಲಕ್ಕಿಂತ ಮುಂದೆ, ನನ್ನ ಮೂರು ಡಬ್ಬಿಗಳು. ಎಣ್ಣೆಯಲ್ಲಿ ಮಿಂಚುತ್ತಿದ್ದವು. ಒಂದೊಂದರ ಬಾಗಿಲ ಮೇಲೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

"ಬಾ ಯವ್ವಾ, ಬಾ." ಅಪ್ಪನ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಅಟ್ಟ ಹತ್ತದ ಮನುಷ್ಯ ಅಂದು ಹತ್ತಿದ್ದ. "ನೀ ಅಂದಿದ್ದೆಲ್ಲ, ನನಗ ಮಗ್ಗ ಹೆಂಗೋ ನಿನಗ ಇದು ಹಂಗ ಅಂತ. ಮತ್ತ ಇದಕ್ಕೂ ಪೂಜಿ ಆಗಬೇಕಲ್ಲ? ಎಷ್ಟ ತುಕ್ಕ ಹಿಡಿಸಿದ್ದೀಬೇ! ನಾಳಿ ನೋಡಾಕ ಮಂದಿ ಬರ್ತಾರಂದ್ರ ಹಂಗ ಇಡತಾರೇನು? ಚಿಮಣಿ ಎಣ್ಣಿ ಹಚ್ಚಿ ತಿಕ್ಕೇನಿ. ಒಂದ ಡಾಗ ಉಳಸಿಲ್ಲ, ನೋಡು."

ನೋಡಿದೆ. ಒಂದೂ ಉಳಿದಿರಲಿಲ್ಲ. ಪುಡಿ ಹೋಗಿತ್ತು, ಅದರ ಕೆಳಗಿನ ಬಣ್ಣ ಕರಗಿ ಹೋಗಿತ್ತು, ಕೂದಲೆಳೆಯ ಬ್ರಷ್ಷಿನಲ್ಲಿ ಬರೆದ ಡಬ್ಬಿಯ ನಂಬರುಗಳು ಹೋಗಿದ್ದವು. ಪ್ಲಾಸ್ಟಿಕ್ಕಿನ ಮೈ ಅಲ್ಲಲ್ಲಿ ಮಂಜು ಕವಿದಂತೆ ಬೆಳ್ಳಗಾಗಿ, ಅಂಚಿನಲ್ಲಿ ಸಣ್ಣಗೆ ಬಿರಿದಿತ್ತು.

"ಛಲೋ ಆಗೇತೆನ?" ಅಪ್ಪ ಕೇಳಿದ.

ಆರತಿ ತೆಗೆದುಕೊಂಡೆ. ಅಪ್ಪನ ಕಾಲಿಗೆ ನಮಸ್ಕರಿಸಿದೆ. ಅವನ ಅಂಗೈ ತಲೆಯ ಮೇಲೆ ಬಂದಾಗ ಚಿಮಣಿ ಎಣ್ಣೆಯ ವಾಸನೆ ಬಂತು.

ಬಚ್ಚಲ ಹಿಂದೆ ಹೋದೆ. ಬಕೆಟ್ಟನ್ನು ತೊಳೆದು ಬೋರಲು ಹಾಕಿತ್ತು. ಅಡುಗೆಮನೆಯಲ್ಲಿ ಅವ್ವ ಹೋಳಿಗೆ ಬೇಯಿಸುತ್ತಿದ್ದಳು.

"ಅವ್ವಾ, ನಿನಗ ಗೊತ್ತಿತ್ತಲ್ಲ."

"ಏನ ಗೊತ್ತಿತ್ತು?"

"ಅದು ನಾ ಹಚ್ಚಿದ್ದು ಅಂತ. ನಿನ್ನ ಸೀರೀಲೆ ಸೋಸಿದ್ದು."

ಅವಳು ತಿರುಗಲಿಲ್ಲ. "ನಿಮ್ಮಪ್ಪ ಎಷ್ಟ ಖುಷಿಲೆ ತಿಕ್ಕಾಕತ್ತಿದ್ರು. ಹಬ್ಬದ ದಿನಾ ಬ್ಯಾಡ ಅಂತ ಹೆಂಗ ಅನ್ನಲಿ?"

"ಬಕೀಟ ಯಾರ ತೊಳದ್ರು? ಅದನ್ನೂ ಅಪ್ಪನ ತೊಳದನೇನು?"

ಹಂಚಿನ ಮೇಲಿನ ಹೋಳಿಗೆ ಕಪ್ಪಾಗತೊಡಗಿತು. ಅವ್ವ ಅದನ್ನು ತೆಗೆಯಲಿಲ್ಲ, ಮಗುಚಲೂ ಇಲ್ಲ. "ಬೀಳಗಿ ಹತ್ರ ಆಗತೈತಿ ಕಾಂಚಿ," ಅಂದಳು. "ನನಗ ನೀ ಒಬ್ಬಾಕಿನ ಇರೂದು."

ಆ ಮಧ್ಯಾಹ್ನವೆಲ್ಲ ಅಟ್ಟದಲ್ಲಿ ಕುಳಿತು ಬಣ್ಣ ಹಚ್ಚಲು ನೋಡಿದೆ. ಎಣ್ಣೆ ಸಂದಿಗಳೊಳಗೆ ಇಳಿದಿತ್ತು. ಬಣ್ಣ ಹಿಡಿಯದೆ ಹನಿಹನಿಯಾಗಿ ಜಾರಿತು.

ಮರುದಿನ ಅರುಣ ಬಂದರು. ಅಪ್ಪನಿಗೆ ದಸರೆಯ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೂಣ್ರಿ" ಅಂದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಪಕ್ಕ ನಿಂತಿದ್ದ. ಸಾವಕಾರ ಸೀರೆ ಬಿಚ್ಚಿ ನೋಡುವಾಗ ನಿಲ್ಲುವ ಹಾಗೆ, ಕೈ ಹಿಂದೆ ಕಟ್ಟಿಕೊಂಡು.

ಅರುಣ ಡಬ್ಬಿ ಎತ್ತಿಕೊಂಡರು. ತಿರುಗಿಸಿದರು. ಬೆರಳಿಗೆ ಹತ್ತಿದ ಎಣ್ಣೆಯನ್ನು ಕರ್ಚೀಫಿಗೆ ಒರೆಸಿದರು. ಫೋನು ತೆಗೆದು ನನ್ನದೇ ಫೋಟೋ ನೋಡಿದರು, ಮತ್ತೆ ಡಬ್ಬಿ ನೋಡಿದರು.

"ಫೋಟೋದಾಗಿಂದು ಇದ ಏನ್ರಿ?"

"ಇದರೀ," ಅಪ್ಪ ಅಂದ. "ಹಸನ ಮಾಡಿ ಇಟ್ಟೇವ್ರಿ. ನಮ್ಮ ಹುಡಿಗಿ ಕೆಲಸದಾಗ ಡಾಗ ಸಿಗಾಂಗಿಲ್ರಿ."

ಅರುಣ ನನ್ನ ಕಡೆ ನೋಡಿದರು. ಯಾರದೋ ಕೆಲಸದ ಫೋಟೋ ಕಳಿಸಿದ್ದಾಳೆ ಎಂಬ ನೋಟ ಅದು. ಒಂದೇ ವಾಕ್ಯ ಸಾಕಿತ್ತು: ಅಪ್ಪ ಒರೆಸಿಬಿಟ್ಟ. ಅಪ್ಪ ಆಗಲೂ ನಗುತ್ತಿದ್ದ. ಚಹಾದ ಟ್ರೇ ಹಿಡಿದು ಬಂದ ಅವ್ವ ಹೊಸ್ತಿಲಲ್ಲೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹೌದ್ರಿ," ಅಂದೆ. "ಇದ."

ಅರುಣ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಚಹಾ ಕುಡಿದು, ಮಳೆ ಬೆಳೆ ಮಾತಾಡಿ ಹೋದರು.

ಅವರು ಜಮಖಂಡಿ ಮುಟ್ಟುವುದರೊಳಗೆ ಅಟ್ಟದಲ್ಲಿ ಕುಳಿತು ನಡೆದದ್ದನ್ನೆಲ್ಲ ಮೆಸೇಜಿನಲ್ಲಿ ಬರೆದು ಕಳಿಸಿದೆ. ಬರೆಯಲು ನನಗೆ ಬರುತ್ತದೆ. ಸಂಜೆ ಉತ್ತರ ಬಂತು: "ಆಗಲಿ ಮೇಡಂ, ತಿಳೀತು. ಈ ಸಲ ಬ್ಯಾರೆಯವರನ್ನ ನೋಡೇವಿ." ನಂಬಿದರೋ, ಅಥವಾ ಇದು ಇನ್ನೊಂದು ಕಥೆಯೆಂದುಕೊಂಡರೋ, ಆ ಸಾಲಿನಲ್ಲಿ ಗೊತ್ತಾಗುವಂತಿರಲಿಲ್ಲ.

ಅಪ್ಪನಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. "ಇಷ್ಟ ಹಸನ ಇದ್ದದ್ದ ಒಪ್ಪಲಿಲ್ಲಂದ್ರ ಅವಗ ಕೆಲಸ ಅಂದ್ರೇನ ಗೊತ್ತಿಲ್ಲ, ಬಿಡವಾ. ಅಂಥಾವನ ಕೈಯಾಗ ನೀ ದುಡಿಯೂದು ಬ್ಯಾಡ." ಹಾಗೆಂದು ಬೀಳಗಿಗೆ ಫೋನು ಹಚ್ಚಿದ. ಅವ್ವ ಅಂದು ನನಗೆ ಇಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ತಿಂದೆ.

ಡಬ್ಬಿಗಳು ಈಗ ಮಗ್ಗದ ಕೋಣೆಯಲ್ಲಿ, ಬನಶಂಕರಿಯ ಫೋಟೋದ ಕೆಳಗಿನ ಹಲಗೆಯ ಮೇಲಿವೆ. ಬಂದವರಿಗೆಲ್ಲ ಅಪ್ಪ ತೋರಿಸುತ್ತಾನೆ. ದಶರಥ ಕಾಕಾ ಈಗ ಸೀಟು ಕೇಳುವುದಿಲ್ಲ. ಶುಕ್ರವಾರ ಮಗ್ಗಕ್ಕೆ ಎಣ್ಣೆ ಬಿಡುವಾಗ ಅಪ್ಪ ಅದೇ ಬಟ್ಟೆಯಿಂದ ಅವನ್ನೂ ಒರೆಸುತ್ತಾನೆ, ಬಾಗಿಲ ಕೊಂಡಿಯ ಸಂದಿಗೆ ಉಗುರಿನಿಂದ ಬಟ್ಟೆ ಒತ್ತಿ.

"ನೀ ಹೋದ ಮ್ಯಾಲೂ ನಾ ನೋಡಕೋತೇನಿ," ಅನ್ನುತ್ತಾನೆ. "ತುಕ್ಕ ಹಿಡೀಗೊಡಾಂಗಿಲ್ಲ."